ತಿಲತಂಡುಲವೋ, ಕ್ಷೀರನೀರವೋ: ಜಾಝ್ ಫ್ಯೂಷನ್ನಿನ ಕೆಲವು ಧ್ವನಿಮುದ್ರಿಕೆಗಳ ವಿವೇಚನೆ

ಅಲಂಕಾರಶಾಸ್ತ್ರದ ತರಗತಿಯೊಂದರಲ್ಲಿ ಸಂಸೃಷ್ಟಿ, ಸಂಕರ ಎಂಬ ಎರಡರ ಭೇದವನ್ನು ನಾವು ವಿವರಿಸುತ್ತಿದ್ದೆವು. ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಕೂಡಿರುವಾಗ, ಎಳ್ಳೂ ಅಕ್ಕಿಯೂ ಬೆರೆತಂತೆ ಒಂದೊಂದನ್ನೂ ಬೇರೆಯಾಗಿ ಗುರುತಿಸಲು ಬರುವಂತಿದ್ದರೆ ಅದು ಸಂಸೃಷ್ಟಿ. ಹಾಲೂ ನೀರೂ ಬೆರೆತಂತೆ ಬೇರ್ಪಡಿಸಲು ಬಾರದಂತಿದ್ದರೆ ಅದು ಸಂಕರ. ಮೊದಲನೆಯದು ತಿಲತಂಡುಲ ನ್ಯಾಯ, ಎರಡನೆಯದು ಕ್ಷೀರನೀರ ನ್ಯಾಯ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿಯೊಬ್ಬನು ಎದ್ದು, ‘ಸಾರ್, ಸಂಗೀತದಲ್ಲಿ ಫ್ಯೂಷನ್ ಅನ್ನುತ್ತಾರಲ್ಲ, ಅದು ಇವೆರಡರಲ್ಲಿ ಯಾವುದು?’ ಎಂದು ಕೇಳಿದನು. ತರಗತಿ ನಕ್ಕಿತು. ನಮಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಜಾಝ್ ಫ್ಯೂಷನ್ನಿನ ಧ್ವನಿಮುದ್ರಿಕೆಗಳನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದರೂ ಅವನ್ನು ಈ ತಕ್ಕಡಿಯಲ್ಲಿಟ್ಟು ತೂಗಿದವರಲ್ಲ ನಾವು. ಅಂದು ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸಿದ್ದೇವೆ.

ಪ್ರಶ್ನೆ ಹುಡುಗಾಟದ್ದಲ್ಲ. ‘ಸಂಕರ’ವೆಂಬ ಶಬ್ದಕ್ಕೆ ಅಲಂಕಾರಶಾಸ್ತ್ರದ ಹೊರಗೆ ಒಳ್ಳೆಯ ಹೆಸರಿಲ್ಲ. ಧರ್ಮಶಾಸ್ತ್ರ ಅದನ್ನು ಬೈಗುಳವಾಗಿಸಿತು. ಅಂಗಡಿಬೀದಿಯಲ್ಲಿ ಅದರ ತಮ್ಮನಾದ ‘ಕಲಬೆರಕೆ’ ಮೋಸದ ಪರ್ಯಾಯಪದವಾಯಿತು. ಸಂಗೀತದಲ್ಲಿಯೂ ಫ್ಯೂಷನ್ ಎಂದೊಡನೆ ಮೂಗು ಮುರಿಯುವವರು ಒಂದು ಕಡೆ, ಕೇಳುವುದಕ್ಕೆ ಮೊದಲೇ ತಲೆದೂಗುವವರು ಇನ್ನೊಂದು ಕಡೆ ನಿಂತಿದ್ದಾರೆ. ಇಬ್ಬರೂ ಕಿವಿಗೆ ಕೆಲಸ ಕೊಟ್ಟವರಲ್ಲ. ಅಮೆರಿಕದಲ್ಲಿಯೂ ಇದೇ ಜಗಳ ನಡೆದಿದೆ. ಮೈಲ್ಸ್ ಡೇವಿಸ್ ರಾಕ್ ಸಂಗೀತದ ಕಡೆಗೆ ತಿರುಗಿದ್ದನ್ನು ಕೆಲವರು ದ್ರೋಹವೆಂದೇ ಕರೆದರು. ಸ್ಟ್ಯಾನ್ಲಿ ಕ್ರೌಚ್ ಎಂಬ ವಿಮರ್ಶಕರು 1990ರಷ್ಟು ಈಚೆಗೂ ಆ ಆರೋಪವನ್ನು ಕಟುವಾದ ಮಾತುಗಳಲ್ಲಿ ಬರೆದರು. ಆದುದರಿಂದ ಬೆರಕೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದವನ್ನು ಬಿಟ್ಟು, ಪ್ರಸಿದ್ಧವಾದ ಕೆಲವು ಧ್ವನಿಮುದ್ರಿಕೆಗಳನ್ನೇ ಎದುರಿಗಿಟ್ಟುಕೊಂಡು, ಯಾವುದರಲ್ಲಿ ಏನು ಬೆರೆತಿದೆ, ಹೇಗೆ ಬೆರೆತಿದೆ, ಹೊಸದಾಗಿ ಕೇಳುವವರು ಯಾವುದನ್ನು ಮೊದಲು ಕೇಳಬಹುದು ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇವೆ.

ಜಾಝ್ ಅಮೆರಿಕದ ಕಪ್ಪು ಜನರ ಸೃಷ್ಟಿ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಪುಗೊಂಡದ್ದು. ಅದರ ಜೀವಾಳ ನಮ್ಮವರು ಮನೋಧರ್ಮವೆಂದು ಕರೆಯುವ ಸದ್ಯಃಸೃಷ್ಟಿ. 1960ರ ದಶಕದಲ್ಲಿ ಅಲ್ಲಿನ ತರುಣರು ರಾಕ್ ಮತ್ತು ಸೋಲ್ ಸಂಗೀತಗಳ ಕಡೆಗೆ ಒಲಿದರು. ಜಾಝ್ ಕೇಳುವವರ ಸಂಖ್ಯೆ ಕುಗ್ಗಿತು. ಆ ಹೊತ್ತಿನಲ್ಲಿ ಕೆಲವು ಜಾಝ್ ವಾದಕರು ವಿದ್ಯುತ್ ಗಿಟಾರನ್ನೂ ವಿದ್ಯುತ್ ಪಿಯಾನೊವನ್ನೂ ರಾಕ್ ಸಂಗೀತದ ಒತ್ತುನಡೆಯನ್ನೂ ತಮ್ಮ ಮನೆಗೆ ಬರಮಾಡಿಕೊಂಡರು. ಸ್ಥೂಲವಾಗಿ ಇದನ್ನೇ ಜಾಝ್ ಫ್ಯೂಷನ್ ಎನ್ನುತ್ತಾರೆ.

ಇದಕ್ಕೆ ತುಸು ಮುನ್ನ ಲಂಡನ್ನಿನಲ್ಲಿ ನಡೆದ ಒಂದು ಪ್ರಯತ್ನವನ್ನು ಉಲ್ಲೇಖಿಸದೆ ಮುಂದುವರಿಯುವುದು ನ್ಯಾಯವಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಜಾನ್ ಮೇಯರ್ ಎಂಬ ಸ್ವರಸಂಯೋಜಕರೂ ಜಮೈಕಾದಲ್ಲಿ ಹುಟ್ಟಿದ ಜೋ ಹ್ಯಾರಿಯಟ್ ಎಂಬ ಸ್ಯಾಕ್ಸೊಫೋನ್ ವಾದಕರೂ ಸೇರಿ, ಭಾರತೀಯ ಮೇಳದ ಐವರು ಮತ್ತು ಜಾಝ್ ಮೇಳದ ಐವರು ಎಂಬ ಕ್ರಮದಲ್ಲಿ ಜೋಡಿ ತಂಡವೊಂದನ್ನು ಕಟ್ಟಿದರು. ಅವರ ‘ಇಂಡೋ-ಜಾಝ್ ಫ್ಯೂಷನ್ಸ್’ 1967ರಲ್ಲಿ ಹೊರಬಂದಿತು. ತಿಲತಂಡುಲಕ್ಕೆ ಇದಕ್ಕಿಂತ ಶುದ್ಧವಾದ ಲಕ್ಷ್ಯ ಸಿಗುವುದು ಕಷ್ಟ. ಸಿತಾರ್ ಒಂದಿಷ್ಟು ನುಡಿಯುತ್ತದೆ, ಬಳಿಕ ಸ್ಯಾಕ್ಸೊಫೋನ್ ಒಂದಿಷ್ಟು ನುಡಿಯುತ್ತದೆ. ಎರಡು ಮನೆಯವರು ಒಂದೇ ಚಪ್ಪರದಡಿ ಕುಳಿತು ತಮ್ಮ ತಮ್ಮ ಬುತ್ತಿಯನ್ನು ಬಿಚ್ಚಿ ಉಂಡಂತೆ. ಚರಿತ್ರೆಯ ದೃಷ್ಟಿಯಿಂದ ಅದು ಮುಖ್ಯ. ಮತ್ತೆ ಮತ್ತೆ ಕೇಳಬೇಕೆನ್ನಿಸುವುದಿಲ್ಲ.

ಇನ್ನು ಪ್ರಧಾನ ಧಾರೆಗೆ ಬರೋಣ. ನಮ್ಮ ದೃಷ್ಟಿಯಲ್ಲಿ ಮೊದಲ ಸ್ಥಾನಕ್ಕೆ ಅರ್ಹವಾದುದು ಮೈಲ್ಸ್ ಡೇವಿಸರ ‘ಇನ್ ಎ ಸೈಲೆಂಟ್ ವೇ’. 1969ರ ಫೆಬ್ರವರಿ 18ರಂದು ನ್ಯೂಯಾರ್ಕಿನಲ್ಲಿ ಮುದ್ರಿತವಾಗಿ ಅದೇ ವರ್ಷ ಪ್ರಕಟವಾದ ಇದರಲ್ಲಿ ಎಂಟು ಮಂದಿ ನುಡಿಸಿದ್ದಾರೆ. ಅವರಲ್ಲಿ ಮೂವರು ಕೀಲಿಮಣೆಯವರು: ಹರ್ಬಿ ಹ್ಯಾನ್ಕಾಕ್, ಚಿಕ್ ಕೊರಿಯ, ಜೋ ಜಾವಿನುಲ್. ಇಂಗ್ಲೆಂಡಿನಿಂದ ಆಗತಾನೆ ಬಂದಿಳಿದಿದ್ದ ಜಾನ್ ಮಕ್‌ಲಾಫ್ಲಿನ್ ಗಿಟಾರ್ ನುಡಿಸಿದರು. ಶೀರ್ಷಿಕೆಯ ರಚನೆ ಜಾವಿನುಲ್ಲರದು. ಮೂಲದಲ್ಲಿ ಅದಕ್ಕೆ ಕಾರ್ಡುಗಳು, ಎಂದರೆ ಏಕಕಾಲದಲ್ಲಿ ನುಡಿಯುವ ಸ್ವರಗಳ ಗೊಂಚಲುಗಳು, ಹೇರಳವಾಗಿದ್ದವು. ಡೇವಿಸ್ ಅವುಗಳಲ್ಲಿ ಬಹುಭಾಗವನ್ನು ತೆಗೆದುಹಾಕಿ, ಕೆಳಗೆ ಒಂದೇ ಸ್ವರವನ್ನು ಶ್ರುತಿಯಂತೆ ನಿಲ್ಲಿಸಿ, ಅದರ ಮೇಲೆ ರಾಗದ ಎಳೆಯನ್ನು ಮಾತ್ರ ಉಳಿಸಿದರು. ಗಿಟಾರ್ ನುಡಿಸಲು ಬಾರದವನ ಹಾಗೆ ನುಡಿಸೆಂದು ಡೇವಿಸ್ ತಮಗೆ ಹೇಳಿದರೆಂದು ಮಕ್‌ಲಾಫ್ಲಿನ್ ನೆನೆದುಕೊಂಡಿದ್ದಾರೆ. ಆ ಅಂಜುಬುರುಕ ಗಿಟಾರಿನ ಮೊದಲ ಸ್ವರಗಳನ್ನು ಕೇಳಿದವರಿಗೆ, ತಂಬೂರಿಯ ಮುಂದೆ ಕುಳಿತು ಮೊದಲ ಷಡ್ಜವನ್ನು ಹುಡುಕುವ ಗಾಯಕರ ನೆನಪು ಬಾರದಿರದು.

ಜಾವಿನುಲ್ ತಮ್ಮ ರಚನೆಯನ್ನು ಮೂಲದ ಕಾರ್ಡುಗಳೊಡನೆ ತಾವೇ ಮುದ್ರಿಸಿ 1971ರಲ್ಲಿ ‘ಜಾವಿನುಲ್’ ಎಂಬ ಧ್ವನಿಮುದ್ರಿಕೆಯಲ್ಲಿ ಪ್ರಕಟಿಸಿದರು. ಎರಡನ್ನೂ ಒಂದರ ಹಿಂದೆ ಒಂದರಂತೆ ಕೇಳುವುದು ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ವಿಶೇಷ ಲಾಭಕರ. ಪಾಠಾಂತರಗಳನ್ನು ತೂಗುವಾಗ ಕರ್ತೃವಿನ ಪಾಠವೇ ಉತ್ತಮವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇಲ್ಲಿ ಪರಕೀಯನೊಬ್ಬನ ಪರಿಷ್ಕಾರ ಕರ್ತೃವಿನ ಪಾಠವನ್ನು ಮೀರಿಸಿದೆ ಎಂದು ನಮ್ಮ ಕಿವಿ ಹೇಳುತ್ತದೆ. ಜಾವಿನುಲ್ಲರ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲವೆಂಬುದೂ ನಮಗೆ ಗೊತ್ತು.

ಇದರ ಎರಡನೆಯ ವಿಶೇಷ ನಿರ್ಮಾಪಕ ಟಿಯೋ ಮಸೇರೊ ಅವರ ಕೈಚಳಕ. ಮೊದಲ ಮುಖದ ಆರಂಭಭಾಗವನ್ನು ಟೇಪಿನಿಂದ ನಕಲು ಮಾಡಿ ಅದೇ ಮುಖದ ಕೊನೆಗೆ ಅಂಟಿಸಿದ್ದಾರೆ. ಎರಡನೆಯ ಮುಖದಲ್ಲಿ ಶೀರ್ಷಿಕೆಯ ರಾಗ ಮೊದಲೂ ಕೊನೆಯೂ ಬರುತ್ತದೆ. ಅದು ಪುನಃ ನುಡಿಸಿದುದಲ್ಲ, ಅದೇ ಟೇಪು. ನಮ್ಮ ಗಾಯಕರು ಪಲ್ಲವಿಗೆ ಮರಳಿದಾಗ ಅದು ಹಿಂದಿನ ಪಲ್ಲವಿಯೇ ಆಗಿರುವುದಿಲ್ಲ; ನಡುವಿನ ಚರಣ ಅದಕ್ಕೆ ಬಣ್ಣವೇರಿಸಿರುತ್ತದೆ. ಇಲ್ಲಿ ಮರಳುವುದು ಕೂದಲೆಳೆಯಷ್ಟೂ ಬದಲಾಗದ ವಸ್ತು. ಇದನ್ನು ಯಾಂತ್ರಿಕವೆಂದು ತಳ್ಳಿಹಾಕಲು ನಾವೂ ಒಮ್ಮೆ ಸಿದ್ಧರಾಗಿದ್ದೆವು. ಆದರೆ ನಡುವಣ ಹನ್ನೊಂದು ನಿಮಿಷಗಳ ಭಾಗವನ್ನು ಗಮನವಿಟ್ಟು ಕೇಳಿದ ಮೇಲೆ ಅಭಿಪ್ರಾಯ ಬದಲಾಯಿತು. ಅಲ್ಲಿ ಡ್ರಮ್ಸ್ ನುಡಿಸುವ ಟೋನಿ ವಿಲಿಯಮ್ಸ್ ಬಹುಹೊತ್ತು ಅಂಚಿನ ಮೇಲಿನ ಒಂದು ಟಕಟಕ ಸದ್ದನ್ನೂ, ಕಾಲಿನಿಂದ ಮುಚ್ಚಿ ತೆರೆಯುವ ಜೋಡಿತಾಳವನ್ನೂ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ತಮ್ಮ ಕಾಲದ ಅತ್ಯಂತ ಚುರುಕಿನ ಕೈಗಳೆಂದು ಹೆಸರಾದವರು ಅವರು. ಆ ಕೈಗಳನ್ನು ಕಟ್ಟಿಹಾಕಿಕೊಂಡು ಕುಳಿತು, ಕೊನೆಯಲ್ಲಿ ಡೇವಿಸರ ಟ್ರಂಪೆಟ್ ನುಡಿಯುವಾಗ ಒಮ್ಮೆಲೇ ಬಿಡುತ್ತಾರೆ. ಆ ಒಂದು ಗಳಿಗೆಯ ಬಿಡುಗಡೆಗಾಗಿ ಅಷ್ಟು ಹೊತ್ತಿನ ಸಂಯಮ. ಅದಾದ ಮೇಲೆ ಮೊದಲಿನ ರಾಗ ಮೊದಲಿನಂತೆಯೇ ಬಂದಾಗ ಕೇಳುವವನು ಮೊದಲಿನಂತಿರುವುದಿಲ್ಲ. ಇದು ಕ್ಷೀರನೀರ. ಇದರಲ್ಲಿ ರಾಕ್ ಎಲ್ಲಿದೆ, ಜಾಝ್ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಬಾರದು.

ಅದೇ ವರ್ಷದ ಆಗಸ್ಟ್ 19, 20, 21ರಂದು ಮುದ್ರಿತವಾಗಿ 1970ರಲ್ಲಿ ಪ್ರಕಟವಾದ ‘ಬಿಚಸ್ ಬ್ರೂ’ ಹೆಚ್ಚು ಪ್ರಸಿದ್ಧ. ಎರಡು ತಟ್ಟೆಗಳಷ್ಟು ದೊಡ್ಡದು. ಹಲವರು ತಾಳವಾದಕರು, ಹಲವು ಕೀಲಿಮಣೆಗಳು, ಬೆನಿ ಮಾಪಿನ್ನರ ಬಾಸ್ ಕ್ಲ್ಯಾರಿನೆಟ್ಟಿನ ಕೆಳದನಿಯ ಗೊಣಗಾಟ. ‘ಫೇರೋಸ್ ಡಾನ್ಸ್’ ಎಂಬ ಭಾಗವನ್ನು ಟೇಪನ್ನು ಅಲ್ಲಲ್ಲಿ ಕತ್ತರಿಸಿ ಜೋಡಿಸಿ ಕಟ್ಟಲಾಗಿದೆ. ಇತಿಹಾಸಕಾರರು ಫ್ಯೂಷನ್ನಿನ ಆರಂಭವನ್ನು ಇಲ್ಲಿಂದ ಎಣಿಸುವುದುಂಟು. ಇದು ಅರಣ್ಯ, ದಾರಿ ಬಲ್ಲವರಿಗೆ ರಮ್ಯ, ಹೊಸಬರಿಗೆ ದಿಗ್ಭ್ರಮೆ. ಹೊಸಬರು ಇದರಿಂದ ಆರಂಭಿಸಕೂಡದೆಂದು ನಮ್ಮ ಸ್ಪಷ್ಟವಾದ ಸಲಹೆ. ಒಂದು ವರ್ಷ ಬಿಟ್ಟು, ‘ಸ್ಪ್ಯಾನಿಷ್ ಕೀ’ ಎಂಬ ಭಾಗದಿಂದ ಒಳಹೊಕ್ಕರೆ ಸಾಕು.

ಈಗ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಪ್ರಿಯವಾದ, ನಮಗೆ ಅಷ್ಟೊಂದು ಪ್ರಿಯವಲ್ಲದ ಮಹಾವಿಷ್ಣು ಆರ್ಕೆಸ್ಟ್ರಾದ ವಿಷಯ. ಶ್ರೀ ಚಿನ್ಮಯ್ ಎಂಬ ಗುರುಗಳಿಂದ ‘ಮಹಾವಿಷ್ಣು’ವೆಂಬ ಹೆಸರನ್ನು ಪಡೆದ ಮಕ್‌ಲಾಫ್ಲಿನ್, ಬಿಲಿ ಕಾಬಮ್ (ಡ್ರಮ್ಸ್), ಯಾನ್ ಹಾಮರ್ (ಕೀಲಿಮಣೆ), ಜೆರಿ ಗುಡ್‌ಮನ್ (ಪಿಟೀಲು), ರಿಕ್ ಲೇರ್ಡ್ (ಬಾಸ್ ಗಿಟಾರ್) ಇವರೊಡನೆ ಕಟ್ಟಿದ ಈ ತಂಡ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’ (1971), ‘ಬರ್ಡ್ಸ್ ಆಫ್ ಫೈರ್’ (1973) ಎಂಬೆರಡು ಧ್ವನಿಮುದ್ರಿಕೆಗಳಿಂದ ಕೀರ್ತಿ ಪಡೆಯಿತು. ಎರಡನೆಯದರ ಶೀರ್ಷಿಕೆಯ ರಚನೆ ಹದಿನೆಂಟು ಮಾತ್ರೆಗಳ ಆವರ್ತದಲ್ಲಿದೆ. ನಮ್ಮ ಹುಡುಗರು ತೊಡೆಯ ಮೇಲೆ ಎಣಿಸಿ ಹದಿನೆಂಟನ್ನು ಹಿಡಿದು, ‘ನಮ್ಮ ತಾಳವೇ ಸಾರ್!’ ಎಂದು ಸಂತೋಷಪಡುತ್ತಾರೆ. ಸಂತೋಷವನ್ನು ಕೆಡಿಸಲು ನಮಗೆ ಮನಸ್ಸಿಲ್ಲ. ಆದರೂ ಹೇಳಬೇಕಾದುದನ್ನು ಹೇಳಲೇಬೇಕು. ತಾಳವೆಂಬುದು ಬರಿಯ ಸಂಖ್ಯೆಯಲ್ಲ. ಲಘು, ದ್ರುತವೆಂಬ ಅಂಗಗಳುಳ್ಳ ಒಂದು ದೇಹ ಅದು. ವೇದಿಕೆಯ ಮೇಲಿನ ಗಾಯಕರ ಕೈಯೂ ಎದುರಿಗೆ ಕುಳಿತ ರಸಿಕರ ಕೈಯೂ ಅದನ್ನು ಕೂಡಿಯೇ ಹಾಕುತ್ತವೆ. ವಾದಕನು ಅದರಿಂದ ದೂರ ಸರಿದು ಮತ್ತೆ ಎಡುಪಿಗೆ ಬಂದು ಕೂಡಿಕೊಂಡಾಗ ಹುಟ್ಟುವ ಆನಂದ ಆ ಸಹಭಾಗಿತ್ವದ ಫಲ. ‘ಬರ್ಡ್ಸ್ ಆಫ್ ಫೈರ್’ನಲ್ಲಿ ಹದಿನೆಂಟು ಎಂಬುದು ಯಂತ್ರದೊಳಗಿನ ಹಲ್ಲುಗಾಲಿಯಂತೆ ತಿರುಗುತ್ತಿರುತ್ತದೆ, ಕೇಳುವವನು ಅದರ ರಭಸಕ್ಕೆ ಬೆರಗಾಗುತ್ತಾನೆ, ಅದರಲ್ಲಿ ಪಾಲುಗೊಳ್ಳುವುದಿಲ್ಲ. ಲೆಕ್ಕ ಒಂದೇ ಇದ್ದ ಮಾತ್ರಕ್ಕೆ ಎರಡು ಸಂಗೀತಗಳು ಬೆರೆತವೆಂದು ಹೇಳಿದರೆ, ಹದಿನೆಂಟು ಪರ್ವಗಳಿವೆಯೆಂದು ಯಾವುದೋ ಗ್ರಂಥವನ್ನು ಮಹಾಭಾರತವೆಂದಂತಾದೀತು.

ಇದು ಪೂರ್ಣ ತಿರಸ್ಕಾರವೆಂದು ಯಾರೂ ತಿಳಿಯಬಾರದು. ಮೊದಲನೆಯ ಧ್ವನಿಮುದ್ರಿಕೆಯ ‘ದಿ ಡಾನ್ಸ್ ಆಫ್ ಮಾಯಾ’ ಎಂಬ ರಚನೆ ನಮ್ಮ ತಕ್ಕಡಿಗೆ ಬಹಳ ಉಪಯುಕ್ತ. ಮೊದಲು ಹತ್ತರ ಲೆಕ್ಕದಲ್ಲಿ ನಡೆಯುವ ಕಪ್ಪುಛಾಯೆಯ ಒಂದು ಸ್ವರಮಾಲೆ ಬರುತ್ತದೆ. ಅನಂತರ ಬ್ಲೂಸ್ ಜಾತಿಯ ತೊನೆದಾಟದ ನಡೆಯೊಂದು ಬರುತ್ತದೆ. ಇವೆರಡಕ್ಕೂ ಏನು ಸಂಬಂಧವೆಂದು ತಿಳಿಯುವುದಿಲ್ಲ. ಕೊನೆಯಲ್ಲಿ ಒಂದು ಇನ್ನೊಂದರ ಮೇಲೆ ಕುಳಿತು, ಎರಡರ ಅಳತೆಯೂ ಒಂದೇ ಆಗಿತ್ತೆಂಬುದು ಬಯಲಾಗುತ್ತದೆ. ಎಳ್ಳು ಅಕ್ಕಿಗಳೆಂದು ತಿಳಿದಿದ್ದುದು ಕಣ್ಣೆದುರಿಗೇ ಹಾಲು ನೀರಾಗುವ ಈ ಚಮತ್ಕಾರವನ್ನು ಕೇಳಿಯೇ ಅರಿಯಬೇಕು. ಅಂತೆಯೇ ಡ್ರಮ್ಸನ್ನು ಪೂರ್ತಿ ಬಿಟ್ಟು ಗಿಟಾರ್, ಪಿಯಾನೊ, ಪಿಟೀಲುಗಳಿಗೆ ಮಾತ್ರ ಮೀಸಲಾದ ‘ಎ ಲೋಟಸ್ ಆನ್ ಐರಿಷ್ ಸ್ಟ್ರೀಮ್ಸ್’ ಕೂಡ ಗಮನಾರ್ಹ. ಆದುದರಿಂದ ಇವೆರಡರಲ್ಲಿ ಒಂದನ್ನು ಆರಿಸಬೇಕಾದರೆ, ಹೆಚ್ಚು ಹೊಳಪಿನ ‘ಬರ್ಡ್ಸ್ ಆಫ್ ಫೈರ್’ಗಿಂತ ಮೊದಲನೆಯದನ್ನೇ ನಾವು ಶಿಫಾರಸು ಮಾಡುತ್ತೇವೆ. ವೇಗದ ಮೋಹ ಈ ಮಾರ್ಗದ ದೊಡ್ಡ ರೋಗ. ಚಿಕ್ ಕೊರಿಯರ ‘ರಿಟರ್ನ್ ಟು ಫಾರೆವರ್’ ತಂಡ 1973ರಲ್ಲಿ ಹೊರತಂದ ‘ಲೈಟ್ ಆ್ಯಸ್ ಎ ಫೆದರ್’ ಬ್ರೆಜಿಲಿನ ಗಾಯಕಿ ಫ್ಲೋರಾ ಪುರಿಮ್ಮರ ಕಂಠದಿಂದಲೂ ‘ಸ್ಪೇನ್’ ಎಂಬ ರಚನೆಯಿಂದಲೂ ನಿಜವಾಗಿಯೇ ಹಗುರವಾಗಿದೆ. ಅದೇ ಹೆಸರಿನ ತಂಡ 1976ರಲ್ಲಿ ಹೊರತಂದ ‘ರೊಮ್ಯಾಂಟಿಕ್ ವಾರಿಯರ್’ನಲ್ಲಿ ಬೆರಳುಗಳು ಓಡುತ್ತವೆ, ಸಂಗೀತ ಹಿಂದುಳಿಯುತ್ತದೆ.

ಆಲಂಕಾರಿಕರು ಸಂಕರದಲ್ಲಿಯೂ ಅಂಗಾಂಗಿಭಾವವೆಂಬ ಒಂದು ಬಗೆಯನ್ನು ಹೇಳಿದ್ದಾರೆ. ಒಂದು ಅಲಂಕಾರ ಪ್ರಧಾನ, ಇನ್ನೊಂದು ಅದಕ್ಕೆ ಪೋಷಕ. ಹರ್ಬಿ ಹ್ಯಾನ್ಕಾಕರ ‘ಹೆಡ್ ಹಂಟರ್ಸ್’ (1973) ಈ ಬಗೆಗೆ ಸೇರುತ್ತದೆ. ಇಲ್ಲಿ ನರ್ತನಕ್ಕೆ ಹೇಳಿಮಾಡಿಸಿದ ಫಂಕ್ ನಡೆ ಅಂಗಿ, ಜಾಝ್ ಅಂಗ. ತಂಡದಲ್ಲಿ ಗಿಟಾರೇ ಇಲ್ಲ. ಅದರ ಕೆಲಸವನ್ನು ಕ್ಲ್ಯಾವಿನೆಟ್ ಎಂಬ ಕೀಲಿಮಣೆ ಮಾಡುತ್ತದೆ. ಹದಿನೈದು ನಿಮಿಷಗಳ ‘ಕಮೀಲಿಯನ್’ ಒಂದೇ ಕೆಳಸ್ವರದ ಎಳೆಯ ಮೇಲೆ ನಿಂತಿದೆ. ಇದನ್ನು ಕೀಳೆಂದು ಬಗೆದವರಿದ್ದರು. ಕುಣಿಸುವುದೇ ದೋಷವಾದರೆ ನಮ್ಮ ಜಾವಳಿಗಳಿಗೂ ತಿಲ್ಲಾನಗಳಿಗೂ ಗತಿಯೇನು?

ಆದರೆ ಈ ಧ್ವನಿಮುದ್ರಿಕೆಯಲ್ಲಿಯೇ ಬೇರೊಂದು ಕಠಿಣವಾದ ಪ್ರಶ್ನೆ ಅಡಗಿದೆ. ‘ವಾಟರ್‌ಮೆಲನ್ ಮ್ಯಾನ್’ ಹ್ಯಾನ್ಕಾಕ್ 1962ರಲ್ಲಿಯೇ ಮುದ್ರಿಸಿದ್ದ ರಚನೆ. ತಮ್ಮ ಬಾಲ್ಯದ ಷಿಕಾಗೊ ಬೀದಿಗಳಲ್ಲಿ ಕಲ್ಲಂಗಡಿ ಮಾರುವವನ ಗಾಡಿಯ ನೆನಪಿನಿಂದ ಹುಟ್ಟಿದುದು. 1973ರ ಹೊಸ ರೂಪದಲ್ಲಿ ಬಿಲ್ ಸಮ್ಮರ್ಸ್ ಬೀರ್ ಬಾಟಲಿಯ ಬಾಯಿಗೆ ಊದಿ, ನಡುನಡುವೆ ತಮ್ಮ ಕಂಠದ ಸ್ವರವನ್ನು ಹೆಣೆದು, ವಿಚಿತ್ರವಾದ ಆರಂಭವೊಂದನ್ನು ಕೊಟ್ಟಿದ್ದಾರೆ. ಅದು ಮಧ್ಯ ಆಫ್ರಿಕದ ಬಾ-ಬೆಂಜೆಲೆ ಎಂಬ ಕಾಡುಜನರ ‘ಹಿಂಡೆವ್ಹು’ ಎಂಬ ಊದುವಾದ್ಯದ ಅನುಕರಣೆ. ಆ ಜನರ ಸಂಗೀತವನ್ನು ಸಂಶೋಧಕರು 1966ರಲ್ಲಿ ಧ್ವನಿಮುದ್ರಿಕೆಯಾಗಿ ಹೊರತಂದಿದ್ದರು. ಕಾಡಿನಲ್ಲಿ ಊದಿದವರಿಗೆ ಈ ಧ್ವನಿಮುದ್ರಿಕೆಯ ಅಪಾರ ಮಾರಾಟದಿಂದ ಏನು ಬಂದಿತು? ಜಾನಪದ ಸಂಗೀತದ ವಿದ್ವಾಂಸ ಸ್ಟೀವನ್ ಫೆಲ್ಡ್ ಈ ಬಗೆಯ ಪ್ರಶ್ನೆಗಳನ್ನು ಎತ್ತಿ ವಿಸ್ತಾರವಾಗಿ ಬರೆದಿದ್ದಾರೆ. ಕಪ್ಪು ಅಮೆರಿಕನ್ನರು ಆಫ್ರಿಕದಿಂದ ತೆಗೆದುಕೊಂಡುದನ್ನು ಪರರ ಸೊತ್ತೆನ್ನುವುದು ಕಷ್ಟವೆಂಬುದು ನಿಜ. ಆದರೂ ಮೂಲದ ಹೆಸರನ್ನು ಹೇಳುವುದಕ್ಕೆ ಹಣ ಬೇಕಿರಲಿಲ್ಲ. ಜಾನಪದ ಸಂಗ್ರಹದ ಕೆಲಸಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳು ಈ ಎರಡು ನಿಮಿಷಗಳ ಬಾಟಲಿಯ ಸದ್ದನ್ನು ಕೇಳಿಕೊಂಡು ಹೊರಡುವುದೊಳ್ಳೆಯದು.

ಜಾವಿನುಲ್ ಮತ್ತು ಸ್ಯಾಕ್ಸೊಫೋನ್ ವಾದಕ ವೇಯ್ನ್ ಷಾರ್ಟರ್ ನಡೆಸಿದ ‘ವೆದರ್ ರಿಪೋರ್ಟ್’ ತಂಡದ ‘ಹೆವಿ ವೆದರ್’ (1977) ಹೊಸಬರಿಗೆ ಅತ್ಯಂತ ಸುಲಭಗ್ರಾಹ್ಯ. ‘ಬರ್ಡ್‌ಲ್ಯಾಂಡ್’ ಎಂಬ ಮೊದಲ ರಚನೆ ನ್ಯೂಯಾರ್ಕಿನ ಹಳೆಯ ಜಾಝ್ ಕ್ಲಬ್ಬೊಂದರ ಸ್ಮರಣೆ. ಆದರೆ ನಾವು ಕಿವಿಗೊಡಬೇಕೆಂದು ಕೇಳಿಕೊಳ್ಳುವುದು ಎರಡನೆಯ ರಚನೆಗೆ, ‘ಎ ರಿಮಾರ್ಕ್ ಯೂ ಮೇಡ್’ ಎಂಬುದಕ್ಕೆ. ಜಾಕೊ ಪಾಸ್ಟೋರಿಯಸ್ ಮೆಟ್ಟಿಲುಗಳಿಲ್ಲದ ಬಾಸ್ ಗಿಟಾರನ್ನು ನುಡಿಸುತ್ತಿದ್ದರು. ಮೆಟ್ಟಿಲು ಹೋದೊಡನೆ ಸ್ವರದಿಂದ ಸ್ವರಕ್ಕೆ ಜಾರುವ ದಾರಿ ತೆರೆಯಿತು. ನಮ್ಮ ಜಾರುಗಮಕವನ್ನು ಬಲ್ಲ ಕಿವಿಗೆ ಇದು ಮೊದಲ ಬಾರಿಗೇ ಪರಿಚಿತವಾಗಿ ಕೇಳಿಸುತ್ತದೆ. ಇಲ್ಲಿ ಯಾರೂ ಭಾರತೀಯ ಸಂಗೀತವನ್ನು ಅನುಕರಿಸಲು ಹೊರಟಿರಲಿಲ್ಲ. ಹೊರಡದೆಯೇ ಅದರ ಸಮೀಪ ಬಂದರು.

ಇಷ್ಟು ಹೊತ್ತಿಗೆ ನಮ್ಮ ತಕ್ಕಡಿಯ ಒಂದು ನ್ಯೂನತೆ ಓದುಗರಿಗೆ ಕಂಡಿರಬಹುದು. ತಿಲತಂಡುಲ, ಕ್ಷೀರನೀರ ಎಂಬ ಭೇದ ಬೆರಕೆಯ ಬಗೆಯನ್ನು ತಿಳಿಸುತ್ತದೆ, ಗುಣವನ್ನು ತಿಳಿಸುವುದಿಲ್ಲ. ಗುಣವನ್ನು ತಿಳಿಯಬೇಕಾದರೆ ಕೂಡಿಕೊಂಡವರಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರೆಂದು ಕೇಳಬೇಕೆಂದು ನಮಗೆ ತೋರುತ್ತದೆ. ಡೇವಿಸ್ ಕಾರ್ಡುಗಳನ್ನು ಬಿಟ್ಟರು. ವಿಲಿಯಮ್ಸ್ ತಮ್ಮ ಕೈಚುರುಕನ್ನು ಬಿಟ್ಟರು. ಪಾಸ್ಟೋರಿಯಸ್ ಮೆಟ್ಟಿಲುಗಳನ್ನು ಬಿಟ್ಟರು. ‘ಬರ್ಡ್ಸ್ ಆಫ್ ಫೈರ್’ನ ಐವರು ಏನನ್ನೂ ಬಿಟ್ಟಂತೆ ಕಾಣುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಹೊತ್ತು ಓಡಿದರು.

ಅದೇ ಮಕ್‌ಲಾಫ್ಲಿನ್ ಎರಡು ವರ್ಷಗಳ ತರುವಾಯ ಬಹುವಾಗಿ ಬಿಟ್ಟುಕೊಟ್ಟರೆಂಬುದೇ ‘ಶಕ್ತಿ’ ತಂಡದ ಮಹತ್ತ್ವ. ಅವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದ್ದರು. ಪಿಟೀಲಿನ ಎಲ್. ಶಂಕರ್, ತಬಲದ ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ, ಮೃದಂಗದ ಆರ್. ರಾಘವನ್ ಇವರೊಡನೆ 1975ರ ಜುಲೈ 5ರಂದು ನ್ಯೂಯಾರ್ಕ್ ಬಳಿಯ ಸೌತಾಂಪ್ಟನ್ ಕಾಲೇಜಿನಲ್ಲಿ ಮಾಡಿದ ಕಚೇರಿಯೇ ‘ಶಕ್ತಿ ವಿತ್ ಜಾನ್ ಮಕ್‌ಲಾಫ್ಲಿನ್’ ಎಂಬ ಹೆಸರಿನಿಂದ 1976ರಲ್ಲಿ ಪ್ರಕಟವಾಯಿತು. ವಿದ್ಯುತ್ ಗಿಟಾರ್ ಹೋಯಿತು. ಡ್ರಮ್ಸ್, ಬಾಸ್, ಕೀಲಿಮಣೆ ಹೋದವು. ಕಾರ್ಡುಗಳ ಸರಣಿಯೂ ಹೋಯಿತು. ಬಂದುದು ವಿಶೇಷವಾಗಿ ಮಾಡಿಸಿದ ಒಂದು ಗಿಟಾರ್. ಅದರ ಮೆಟ್ಟಿಲುಗಳ ನಡುವಣ ಮರವನ್ನು ದೋಣಿಯಂತೆ ಕೆತ್ತಿ ಆಳಮಾಡಿ, ತಂತಿಯನ್ನು ಎಳೆದು ಗಮಕ ಹೊರಡಿಸಲು ಅನುಕೂಲ ಕಲ್ಪಿಸಲಾಗಿತ್ತು; ಅಡ್ಡಲಾಗಿ ಏಳು ಅನುರಣನದ ತಂತಿಗಳೂ ಇದ್ದವು.

ಹದಿನೆಂಟು ನಿಮಿಷಗಳ ‘ಜಾಯ್’ ಎಂಬ ಮೊದಲ ರಚನೆಯಲ್ಲಿ ವೇಗಕ್ಕೇನೂ ಕೊರತೆಯಿಲ್ಲ. ಆದರೆ ಇದು ಸಂಭಾಷಣೆಯ ವೇಗ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸುತ್ತಾರೆ, ಸಭೆ ನಗುತ್ತದೆ. ಇದರಲ್ಲಿ ಜಾಝ್ ಉಳಿದದ್ದೆಷ್ಟು ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆಯೇ. ಹೆಚ್ಚು ಉಳಿದಿಲ್ಲ. ಆದರೆ ಈ ಧ್ವನಿಮುದ್ರಿಕೆಯಲ್ಲಿ ಪೂರ್ವಪಶ್ಚಿಮಗಳ ಸಮಾಗಮದ ಗದ್ದಲದಲ್ಲಿ ಯಾರೂ ಹೆಚ್ಚಾಗಿ ಗಮನಿಸದ ಇನ್ನೊಂದು ಬೆರಕೆ ನಡೆದಿದೆ: ಹಿಂದೂಸ್ತಾನಿಯ ತಬಲವೂ ಕರ್ನಾಟಕ ಸಂಗೀತದ ಘಟ, ಮೃದಂಗಗಳೂ ಒಂದೇ ವೇದಿಕೆಯ ಮೇಲೆ ಒಂದೇ ಲೆಕ್ಕಕ್ಕೆ ಕೂಡಿದುದು. ಉತ್ತರ ದಕ್ಷಿಣಗಳ ಈ ಕ್ಷೀರನೀರವನ್ನು ಅಮೆರಿಕದ ಒಂದು ಕಾಲೇಜಿನಲ್ಲಿ ಐರೋಪ್ಯನೊಬ್ಬನ ಪಕ್ಕದಲ್ಲಿ ಕಾಣಬೇಕಾಗಿ ಬಂದುದು ನಮಗೆ ನಾಚಿಕೆಯೋ ಹೆಮ್ಮೆಯೋ ತಿಳಿಯದು. ಮುಂದಿನ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ (1976) ಕೊನ್ನಕ್ಕೋಲಿನಿಂದ ಆರಂಭವಾಗುತ್ತದೆ. ಮುದ್ರಣ ಹೆಚ್ಚು ನಯ, ಕಾವು ತುಸು ಕಡಿಮೆ. ಬಹುವರ್ಷಗಳ ಅನಂತರ ಹೊಸ ಸದಸ್ಯರೊಡನೆ ಬಂದ ‘ದಿಸ್ ಮೊಮೆಂಟ್’ (2023) ಗ್ರ್ಯಾಮಿ ಪ್ರಶಸ್ತಿ ಪಡೆಯಿತು. 2024ರ ಡಿಸೆಂಬರಿನಲ್ಲಿ ಝಾಕಿರ್ ಹುಸೇನ್ ತೀರಿಕೊಂಡರು. ಆ ವಾರ ನಾವು ತೆಗೆದು ಕೇಳಿದ್ದು ಮಾತ್ರ 1975ರ ಕಚೇರಿಯನ್ನೇ.

ಕೊನೆಯದಾಗಿ ನಮ್ಮ ಊರಿನ ಸಂಬಂಧವಿರುವ ಒಂದು ಧ್ವನಿಮುದ್ರಿಕೆ. ಚಾರ್ಲಿ ಮಾರಿಯಾನೊ ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕರು. ಚಾರ್ಲ್ಸ್ ಮಿಂಗಸರ 1963ರ ಪ್ರಸಿದ್ಧ ಧ್ವನಿಮುದ್ರಿಕೆ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ನುಡಿಸಿದವರು. ನಡುವಯಸ್ಸು ದಾಟಿದ ಮೇಲೆ ನಾಗಸ್ವರವನ್ನು ಶಿಷ್ಯವೃತ್ತಿಯಿಂದ ಕಲಿತರು. ಬೆಂಗಳೂರಿನಲ್ಲಿ ಮೃದಂಗವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಕಲಾವಿದರೊಡನೆ 1983ರಲ್ಲಿ ಅವರು ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಜರ್ಮನಿಯ ಇಸಿಎಂ ಸಂಸ್ಥೆಗಾಗಿ ಸಿದ್ಧಪಡಿಸಿದರು. ಗಾಯನ ಆರ್. ಎ. ರಾಮಮಣಿಯವರದು, ಜೊತೆಗೆ ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕ್ಕೋಲು.

ಆರಂಭ ರಾಮಮಣಿಯವರ ಒಂಟಿ ಕಂಠದಿಂದ. ಇದನ್ನು ಗಮನಿಸಬೇಕು. ಶೀರ್ಷಿಕೆಯಲ್ಲಿ ಮೊದಲ ಹೆಸರಿರುವ ಅಮೆರಿಕದ ವಾದಕರು ಮೊದಲ ಮಾತನ್ನು ತಾವು ಆಡುವುದಿಲ್ಲ. ಅವರು ಬಂದಾಗಲೂ ಕಂಠದ ಎಳೆಯನ್ನು ಹಿಂಬಾಲಿಸಿಯೋ, ಅದರ ಪಕ್ಕದಲ್ಲಿ ತುಸು ದೂರವಿಟ್ಟುಕೊಂಡೋ ನಡೆಯುತ್ತಾರೆ. ಗಮಕಗಳನ್ನು ಕದ್ದು ತಮ್ಮದಾಗಿಸಿಕೊಳ್ಳಲು ಹೋಗುವುದಿಲ್ಲ. ಅವರ ಸ್ಯಾಕ್ಸೊಫೋನು ಜಾಝ್ ಬಲ್ಲವನ ಸ್ಯಾಕ್ಸೊಫೋನಾಗಿಯೇ ಉಳಿಯುತ್ತದೆ, ಕಂಠ ಕರ್ನಾಟಕ ಸಂಗೀತದ ಕಂಠವಾಗಿಯೇ ಉಳಿಯುತ್ತದೆ. ಎಂದರೆ ಇದು ತಿಲತಂಡುಲ. ಆದರೂ ಮೇಲೆ ಹೇಳಿದ ಹಲವು ಕ್ಷೀರನೀರಗಳಿಗಿಂತ ಇದು ನಮಗೆ ಹೆಚ್ಚು ಹಿಡಿಸಿದೆ. ಮೇಯರ್ ಹ್ಯಾರಿಯಟ್ಟರಲ್ಲಿ ಎಳ್ಳು ಅಕ್ಕಿಗಳು ಒಂದರ ಕಡೆ ಒಂದು ನೋಡುತ್ತಿರಲಿಲ್ಲ, ಇಲ್ಲಿ ನೋಡುತ್ತವೆ. ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಪೂರ್ತಿಯಾಗಿ ಕರ್ನಾಟಕ ಸಂಗೀತದ ವಾದ್ಯವಾಗಿಸಿದ ಮೇಲೆ, ರುದ್ರೇಶ್ ಮಹಾಂತಪ್ಪ ಎಂಬ ಅಮೆರಿಕದ ಜಾಝ್ ವಾದಕರೊಡನೆ ‘ಕಿನ್ಸ್‌ಮೆನ್’ (2008) ಎಂಬ ಧ್ವನಿಮುದ್ರಿಕೆಯಲ್ಲಿ ನುಡಿಸಿದರು. ಒಂದೇ ವಾದ್ಯ, ಎರಡು ಭಾಷೆ. ‘ಜ್ಯೋತಿ’ಯನ್ನು ಮೆಚ್ಚಿದವರು ಅದನ್ನೂ ಕೇಳಬೇಕು.

ಹಾಗಾದರೆ ಕೇಳುವ ಕ್ರಮ ಹೇಗೆ? ಸಂಗೀತದ ಅಭ್ಯಾಸವಿಲ್ಲದವರು ‘ಹೆವಿ ವೆದರ್’ನಿಂದ, ಕರ್ನಾಟಕ ಸಂಗೀತದ ಸಂಸ್ಕಾರವುಳ್ಳವರು ಮೊದಲ ‘ಶಕ್ತಿ’ಯಿಂದ ಆರಂಭಿಸಲಿ. ಆಮೇಲೆ ಇಬ್ಬರೂ ‘ಇನ್ ಎ ಸೈಲೆಂಟ್ ವೇ’ಗೆ ಬರಲಿ. ಅದನ್ನು ಬಸ್ಸಿನಲ್ಲಿ ಹೋಗುತ್ತ ಫೋನಿನಲ್ಲಿ ಕೇಳುವುದು ವ್ಯರ್ಥ. ರಾತ್ರಿಯ ಹೊತ್ತು, ಎರಡು ಮುಖಗಳ ನಡುವೆ ಐದು ನಿಮಿಷ ಬಿಡುವು ಕೊಟ್ಟು ಕೇಳಬೇಕು. ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ‘ಜ್ಯೋತಿ’ಯನ್ನು ಕೊಟ್ಟು ಕಳುಹಿಸಿದ್ದೆವು. ಒಂದು ವಾರದ ಮೇಲೆ ಹಿಂದಿರುಗಿಸುತ್ತ, ‘ಎಳ್ಳು ಅಕ್ಕಿಯೇ ಸಾರ್, ಆದರೆ ಆರಿಸಲು ಮನಸ್ಸು ಬರಲಿಲ್ಲ’ ಎಂದನು.